ಸುಟ್ಟ ತಂತಿಯನ್ನು ಮೂಸುತ್ತಿದ್ದವರು

ಹೋದ ತಿಂಗಳು ತಿಪಟೂರು ಬಸ್ ಸ್ಟ್ಯಾಂಡಿನಲ್ಲಿ ತುರುವೇಕೆರೆ ಬಸ್ಸಿಗೆ ಕಾಯುತ್ತಾ ನಿಂತಿದ್ದೆ. ಹಾಲ್ಕುರಿಕೆಯ ತೋಟದ ಯಜಮಾನರೊಬ್ಬರು, ಹಳೆಯ ಪರಿಚಯ, ಹತ್ತಿರ ಬಂದು, “ಮೇಡಮ್ಮೋರೆ, ವಿಷ್ಯ ಗೊತ್ತಾಯ್ತಾ? ವೈಂಡಿಂಗ್ ಸಾಬ್ರ ಹೆಂಡ್ತಿ ಹೋಗ್ಬುಟ್ರಂತೆ ಕಣ್ರೀ. ನಿಮ್ಮ ಕಾಲೇಜಿಗೆ ಬತ್ತಿದ್ರಲ್ಲ, ಅವ್ರೇಯ” ಅಂದರು.

ನನಗೆ ಮೈಯೆಲ್ಲ ಉರಿದುಹೋಯಿತು. “ಸಾಬ್ರ ಹೆಂಡ್ತಿ ಅಲ್ಲ ರೀ! ವೈಂಡಿಂಗ್ ಮಾಡ್ತಿದ್ದೋರೇ ಅವ್ರು!” ಅಂತ ಬಸ್ ಸ್ಟ್ಯಾಂಡೆಲ್ಲ ತಿರುಗಿ ನೋಡುವ ಹಾಗೆ ಕೂಗಿದೆ. ಯಜಮಾನರು ಬೆಪ್ಪಾಗಿ, “ಆಯ್ತು ಬುಡಿ ಮೇಡಂ, ಅದಕ್ಯಾಕೆ ಅಷ್ಟೊಂದು ಸಿಟ್ಟು” ಅಂದು ಬಾಳೆಹಣ್ಣಿನ ಗಾಡಿ ಕಡೆ ಸರಿದರು. ಬಸ್ಸು ಬಂತು, ಹತ್ತಿದೆ, ಕಿಟಕಿ ಪಕ್ಕದ ಸೀಟೂ ಸಿಕ್ಕಿತು. ಕೂರಲು ಆಗಲಿಲ್ಲ. ಎದ್ದು ಕಂಬಿ ಹಿಡಿದು ನಿಂತೆ. ಆ ಮನುಷ್ಯನ ಮೇಲೆ ಕೂಗಾಡುವ ಯೋಗ್ಯತೆ ನನಗಿಲ್ಲ ಅನ್ನುವುದು ಬಸ್ಸು ಊರು ದಾಟುವ ಮೊದಲೇ ನೆನಪಾಗಿತ್ತು. ಅವತ್ತಿನಿಂದ ಸಮಾಧಾನವಿಲ್ಲ. ಒಗ್ಗರಣೆಗೆ ಎಣ್ಣೆ ಇಟ್ಟು ವರಾಂಡಕ್ಕೆ ಹೋಗಿ ನಿಲ್ಲುತ್ತೇನೆ, ಎಣ್ಣೆ ಹೊಗೆಯಾಡಿದ ಮೇಲೆ ಓಡುತ್ತೇನೆ. ಬರೆದರೆ ಹಗುರಾಗುತ್ತದೆ ಅನ್ನುತ್ತಾರೆ. ಆಗುತ್ತದೆ ಅಂತ ನನಗೆ ನಂಬಿಕೆಯಿಲ್ಲ, ಆದರೂ ಬರೆಯುತ್ತಿದ್ದೇನೆ.

ಬೀದಿಯವರೆಲ್ಲ ಅವರನ್ನು ಆಪಾ ಅನ್ನುತ್ತಿದ್ದರು. ಅವರ ಮನೆಮಾತಿನಲ್ಲಿ ಅಕ್ಕ ಅಂತ. ನಾನೂ ಹಾಗೇ ಕರೆಯುತ್ತಿದ್ದೆ. ನಾನು ಆಗ ತಿಪಟೂರಿನ ಒಂದು ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಿಕಲ್ ವಿಭಾಗದ ಲೆಕ್ಚರರ್. ನಮ್ಮ ಲ್ಯಾಬಿನ ಮೋಟಾರುಗಳನ್ನು ಹುಡುಗರು ವರ್ಷಕ್ಕೆ ಎರಡು ಸಲವಾದರೂ ಸುಡುತ್ತಿದ್ದರು. ಅವನ್ನು ಆಟೋದಲ್ಲಿ ಹಾಕಿಕೊಂಡು ಕೊಬ್ಬರಿ ಮಂಡಿಗಳ ಹಿಂದಿನ ಬೀದಿಗೆ ಹೋಗುತ್ತಿದ್ದೆ. ಅಲ್ಲಿ ಹತ್ತಡಿ ಅಗಲದ ವೈಂಡಿಂಗ್ ಅಂಗಡಿ, ಸುಟ್ಟ ಮೋಟಾರಿನ ತಂತಿ ಬಿಚ್ಚಿ ಹೊಸದು ಸುತ್ತಿಕೊಡುವಂಥದ್ದು. ಮುಂದೆ ಕುರ್ಚಿಯಲ್ಲಿ ಆಪಾರ ಗಂಡ ಸಾಹೇಬರು, ಅವರ ಹಿಂದೆ ಹೂವಿನ ಚಿತ್ರದ ಒಂದು ಪರದೆ. ತೋಟದವರು ಸುಟ್ಟ ಪಂಪಿನ ಮೋಟಾರು ತಂದು ಸಾಹೇಬರ ಕಾಲ ಹತ್ತಿರ ಇಳಿಸುತ್ತಿದ್ದರು. ಎರಡು ದಿನ ಬಿಟ್ಟು ಬಂದರೆ ಸಾಹೇಬರು ಅದನ್ನು ಒರೆಸಿ, ವಯರಿನ ತುದಿಗೆ ಟೇಪು ಸುತ್ತಿ ಕೊಡುತ್ತಿದ್ದರು. ಆ ಟೇಪು ಸುತ್ತುವುದನ್ನು ಬಿಟ್ಟರೆ ಸಾಹೇಬರು ಬೇರೆ ಏನನ್ನೂ ಸುತ್ತಿ ಎಷ್ಟೋ ವರ್ಷವಾಗಿತ್ತು. ಸಕ್ಕರೆ ಕಾಯಿಲೆಯಿಂದ ಅವರ ಕಣ್ಣು ಮಂಜಾಗಿತ್ತು. ಸುತ್ತುತ್ತಿದ್ದವರು ಪರದೆಯ ಹಿಂದಿದ್ದ ಆಪಾ.

ನನಗೆ ಅದು ಗೊತ್ತಾಗಿದ್ದು ಒಂದು ಸಲ ಅವಸರಕ್ಕೆ ಪರದೆ ಸರಿಸಿ ಒಳಗೆ ಹೋದದ್ದರಿಂದ. “ನಿಲ್ಲಿ ಮೇಡಂ, ಇನ್ನೂರು ಸುತ್ತಿನ ಮೇಲೆ ಹೋಗವ್ಳೆ” ಅಂತ ಸಾಹೇಬರು ಗಾಬರಿಯಿಂದ ಕೈಯೆತ್ತಿದ್ದರು. ನಾನು ಎಲ್ಲಿ ನಿಲ್ಲುತ್ತೇನೆ! ಒಳಗೆ ಈ ಹೆಂಗಸು ನಿಂತುಕೊಂಡೇ ಕಾಯಿಲ್ ಸುತ್ತುತ್ತಿದ್ದರು. ಕನ್ನಡಕದ ಕಡ್ಡಿ ಮುರಿದು, ಕಾಯಿಲಿಗೆ ಕಟ್ಟುವ ಬಿಳಿ ದಾರದಿಂದ ಕಿವಿಗೆ ಬಿಗಿದುಕೊಂಡಿದ್ದರು. ಉಗುರುಗಳೆಲ್ಲ ವಾರ್ನಿಷ್ ಕಂದು. ಬಾಯಲ್ಲಿ ಎಣಿಕೆ ಉರ್ದುವಿನಲ್ಲಿ, ನನ್ನನ್ನು ನೋಡಿ ಬಂದ ಬೈಗುಳ ಮಾತ್ರ ಅಪ್ಪಟ ತಿಪಟೂರು ಕನ್ನಡದಲ್ಲಿ. ಎಣಿಕೆ ತಪ್ಪಿತ್ತು. ಪೂರ್ತಿ ಬಿಚ್ಚಿ ಮೊದಲಿಂದ ಸುತ್ತಿದರು. ಅದು ಮುಗಿಯುವವರೆಗೆ ನನ್ನ ಕಡೆ ತಿರುಗಲಿಲ್ಲ. ತಿರುಗಿದ ಮೇಲೆ, “ಚಾ ಕುಡೀತೀರಾ?” ಅಂದರು.

ಸುಟ್ಟ ಮೋಟಾರು ಬಂದರೆ ಆಪಾ ಮೊದಲು ಅದನ್ನು ಮೂಸುತ್ತಿದ್ದರು. ಮುಚ್ಚಳ ಬಿಚ್ಚಿ, ಬಗ್ಗಿ, ಮೂಗು ತೂರಿಸಿ ಒಂದು ಉಸಿರು. “ಇದು ನೀರು ಹೋಗಿ ಸುಟ್ಟಿದ್ದು.” “ಇದು ಸಿಡಿಲು.” “ಇದು ಮೂರು ಫೇಸಿಂದು, ಎರಡೇ ಫೇಸಲ್ಲಿ ಓಡ್ಸವ್ನೆ ಕಳ್ಳ, ಕೇಳಿ ಅವ್ನ.” ಕೇಳಿದರೆ ಹೌದು ಅನ್ನುತ್ತಿದ್ದರು. ನಾನು ಎಂ.ಟೆಕ್. ಓದಿದವಳು, ಮೀಟರು ಹಿಡಿದುಕೊಂಡು ಹೋಗಿ ಪರೀಕ್ಷೆ ಮಾಡಿ ನೋಡಿದ್ದೇನೆ. ಅವರ ಮೂಗು ತಪ್ಪಿದ್ದನ್ನು ನಾನು ಆಮೇಲೆ ಒಂದೇ ಒಂದು ಸಲ ಕಂಡೆ. ಆ ಒಂದು ಸಲವೇ ಇಷ್ಟಕ್ಕೆಲ್ಲ ಕಾರಣ.

ಸಾಹೇಬರು ತೀರಿಕೊಂಡರು. ಪರದೆ ತೆಗೆದು ಆಪಾ ಮುಂದೆ ಬಂದು ಕೆಲಸಕ್ಕೆ ನಿಂತರು. ಮೋಟಾರುಗಳು ಬರುವುದು ನಿಂತುಹೋಯಿತು. “ಸಾಬ್ರ ಕೈ ಎಲ್ಲಿ, ಪಾಪ ಆಯಮ್ಮ ಎಲ್ಲಿ” ಅಂತ ಜನ ಬೇರೆ ಅಂಗಡಿಗೆ ಹೋದರು. ಹಾಲ್ಕುರಿಕೆಯ ಯಜಮಾನರು ಒಂದು ದಿನ ಬಂದು, ಸುಟ್ಟ ಮೋಟಾರನ್ನು ಗಾಡಿಯಿಂದ ಇಳಿಸದೆಯೇ ವಿಚಾರಿಸಿದರಂತೆ: “ಅಮ್ಮ, ಸಾಬ್ರು ಇದ್ದಾಗ ಸುತ್ತಿದ್ದು ಹನ್ನೆರಡು ವರ್ಷ ಬಂತು. ಅಂಥ ಕೈನೋರು ಇನ್ಯಾರಾದ್ರೂ ಅವ್ರಾ ಇಲ್ಲಿ?” ಅದನ್ನು ಸುತ್ತಿದ್ದವರನ್ನೇ ಕೇಳಿದ್ದರು ಪುಣ್ಯಾತ್ಮರು! ಆಪಾ ನನಗೆ ಇದನ್ನು ಹೇಳುವಾಗ ನಗುತ್ತಿದ್ದರು, ನಗುತ್ತಲೇ ಕೈಯಲ್ಲಿದ್ದ ತಂತಿಯ ತುಂಡನ್ನು ಮಡಿಸಿ ಮಡಿಸಿ ಮುರಿದರು. “ಅವ್ರು ಇದ್ದಾಗ ಬಾಯಿ ಬುಡ್ಲಿಲ್ಲ ನಾನು. ಗಂಡಸು, ಕಣ್ಣು ಹೋಗೈತೆ, ಅಂಗ್ಡೀನೂ ನಂದಲ್ಲ ಅಂತ ಅವ್ರಿಗೆ ಅನ್ನಿಸ್ಬಾರ್ದು ಅಂತ. ಈಗ ಹೇಳಿದ್ರೆ ಯಾರು ನಂಬ್ತಾರೆ ಮೇಡಂ?”

ಅದೇ ವರ್ಷ ನಮ್ಮ ಕಾಲೇಜಿನಲ್ಲಿ ವಿಜ್ಞಾನ ಪ್ರದರ್ಶನ. ನಾನು ಟೆಸ್ಲಾ ಕಾಯಿಲ್ ಮಾಡಿ ತೋರಿಸುತ್ತೇನೆ ಅಂತ ಪ್ರಿನ್ಸಿಪಾಲರ ಮುಂದೆ ಕೊಚ್ಚಿಕೊಂಡಿದ್ದೆ. ನೋಡದವರಿಗೆ ಎರಡು ಮಾತಿನಲ್ಲಿ ಹೇಳುತ್ತೇನೆ. ಕೆಳಗೆ ದಪ್ಪ ತಾಮ್ರದ ಏಳೆಂಟು ಸುತ್ತು. ಅದರ ನಡುವೆ ನೆಟ್ಟಗೆ ನಿಂತ ಪಿ.ವಿ.ಸಿ. ಪೈಪು, ಪೈಪಿನ ಮೇಲೆ ಕೂದಲೆಳೆಗಿಂತ ತುಸು ದಪ್ಪದ ತಂತಿಯ ಒಂಬೈನೂರು ಸುತ್ತು. ತಲೆಯ ಮೇಲೊಂದು ಅಲ್ಯೂಮಿನಿಯಂ ಬಳೆ. ಮನೆಯ ಕರೆಂಟು ಸೆಕೆಂಡಿಗೆ ಐವತ್ತು ಸಲ ಹಿಂದೆ ಮುಂದೆ ಓಡಾಡಿದರೆ ಇದರಲ್ಲಿ ಲಕ್ಷಗಟ್ಟಲೆ ಸಲ. ಎಲ್ಲ ಸರಿಯಿದ್ದರೆ ತಲೆಯ ಬಳೆಯಿಂದ ಗಾಳಿಗೆ ಮಿಂಚಿನ ಹಾಗೆ ಕಿಡಿ ಚಿಮ್ಮುತ್ತದೆ. ಆ ಒಂಬೈನೂರು ಸುತ್ತನ್ನು ಒಂದರ ಮೇಲೊಂದು ಹತ್ತದಂತೆ, ನಡುವೆ ಕೂದಲಷ್ಟೂ ಬಿರುಕು ಬಿಡದಂತೆ ಸುತ್ತಬೇಕು. ಅಂಥ ಕೈ ನನಗೆ ಗೊತ್ತಿದ್ದದ್ದು ಒಂದೇ.

ಆಪಾ ಕೇಳಿಸಿಕೊಂಡು ಅಂಗಡಿಯೊಳಗೆ ಎರಡು ಸುತ್ತು ತಿರುಗಿದರು. ಅವರು ಯೋಚಿಸುವುದು ನಡೆಯುತ್ತಲೇ. “ಮಾಡ್ತೀನಿ. ಕೂಲಿ ಬ್ಯಾಡ. ಅದರ ಪಕ್ಕ ಒಂದು ಬೋರ್ಡ್ ಹಾಕ್ಬೇಕು ನೀವು. ಇದನ್ನ ಸುತ್ತಿದ್ದು ಇವ್ರು ಅಂತ, ನನ್ನ ಹೆಸ್ರು, ಪೂರಾ ಹೆಸ್ರು. ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ. ತೋಟದೋರೆಲ್ಲ ಮಕ್ಕಳನ್ನ ಕರ್ಕೊಂಡು ಬತ್ತಾರಲ್ಲ ನೋಡಕ್ಕೆ, ನೋಡ್ಲಿ” ಅಂದರು. ಒಪ್ಪಿದೆ. ಅದೇನು ದೊಡ್ಡ ವಿಷಯ?

ಒಂದು ವಾರ ಸುತ್ತಿದರು. ತಂತಿಯ ಮೇಲೆ ಬೆಳಕು ಬಿದ್ದರೆ ಇಡೀ ಪೈಪು ಒಂದೇ ತಾಮ್ರದ ಹಾಳೆಯ ಹಾಗೆ ಕಾಣುತ್ತಿತ್ತು. ಆಮೇಲೆ ಸುತ್ತಿನಿಂದ ಸುತ್ತಿಗೆ ಕರೆಂಟು ಹಾರದಂತೆ ವಾರ್ನಿಷ್ ಹೊಡೆದು ಒಣಗಿಸಿದರು. ವಾರ್ನಿಷ್ ಒಣಗಿಸುವುದಕ್ಕೆ ಅವರದು ಒಂದು ಹಳೆಯ ಕ್ರಮ. ದೊಡ್ಡ ಊರುಗಳಲ್ಲಿ ಇದಕ್ಕೆ ಕರೆಂಟಿನ ಒಲೆ ಇರುತ್ತದೆ. ಇಲ್ಲಿ ತೆಂಗಿನ ಚಿಪ್ಪಿಗೇನು ಬರ? ತಗಡಿನ ಡ್ರಮ್ಮಿನ ತಳದಲ್ಲಿ ಚಿಪ್ಪಿನ ಕೆಂಡ ಮಾಡಿ, ಮೇಲೆ ಕಂಬಿ ಹಾಕಿ, ಮೋಟಾರಿನ ಕಾಯಿಲುಗಳನ್ನು ತೂಗುಬಿಟ್ಟು ಮುಚ್ಚಿಬಿಡುತ್ತಿದ್ದರು. ಸಾಹೇಬರ ಅಪ್ಪನ ಕಾಲದಿಂದ ಹಾಗೇ. ಸಾವಿರಾರು ಮೋಟಾರು ಆ ಡ್ರಮ್ಮಿನಿಂದ ಎದ್ದು ತೋಟಗಳಿಗೆ ನೀರು ಹಾಯಿಸಿದ್ದವು. ನಮ್ಮ ಕಾಯಿಲೂ ಆ ಡ್ರಮ್ಮಿಗೇ ಹೋಯಿತು.

ಪ್ರದರ್ಶನದ ದಿನ ಸಭಾಂಗಣ ತುಂಬಿತ್ತು. ಬೋರ್ಡು ನಾನೇ ಬರೆಸಿದ್ದೆ, ಮೊಳದುದ್ದದ ಅಕ್ಷರ. ಆಪಾ ಇಸ್ತ್ರಿ ಮಾಡಿದ ಹಸಿರು ಸೀರೆ ಉಟ್ಟು, ತಲೆಗೆ ಸೆರಗು ಹೊದ್ದು ಬಂದು ಗೋಡೆ ಪಕ್ಕ ನಿಂತಿದ್ದರು. ಕುರ್ಚಿ ಕೊಟ್ಟರೂ ಕೂರಲಿಲ್ಲ. ಕಿಟಕಿಗಳಿಗೆ ಪರದೆ ಎಳೆಸಿ ಸ್ವಿಚ್ ಒತ್ತಿದೆ. ತಲೆಯ ಬಳೆಯಿಂದ ಹೊರಗೆ ಚಿಮ್ಮಬೇಕಿದ್ದ ಕಿಡಿ ಸುತ್ತುಗಳ ಮೈಮೇಲೇ ಹರಿಯತೊಡಗಿತು. ಬುಡದಿಂದ ಒಂದು ಗೇಣು ಮೇಲೆ ನೀಲಿ ಎಳೆಯೊಂದು ಜರಿಹುಳುವಿನ ಹಾಗೆ ಓಡಾಡಿ, ಚಟಚಟ ಅಂದು, ಭಗ್ಗನೆ ಹೊಗೆ ಎದ್ದಿತು. ಆರಿಸಿದೆ. ಪರದೆ ತೆಗೆಸಿದೆ. ಬೆಳಕಿನಲ್ಲಿ ಎಲ್ಲರಿಗೂ ಕಂಡದ್ದು ಎರಡೇ: ಕರಿಬಿದ್ದ ಕಾಯಿಲ್, ಅದರ ಪಕ್ಕ ಬೋರ್ಡು. ಹಾಲ್ಕುರಿಕೆಯ ಯಜಮಾನರು ಮೊಮ್ಮಗನ ಕೈ ಹಿಡಿದುಕೊಂಡು ಮುಂದಿನ ಸಾಲಿನಲ್ಲೇ ಇದ್ದರು. ಬೋರ್ಡನ್ನು ಜೋರಾಗಿ ಓದಿದರು. ಓದಿ, “ಹ್ಞೂಂ, ಸಾಬ್ರ ಕೈ ಅಲ್ಲ ಬುಡಪ್ಪ ಇದು” ಅಂದರು. ಕೆಟ್ಟ ಮನುಷ್ಯನಲ್ಲ. ಕಂಡದ್ದನ್ನು ಹೇಳಿದರು.

ಆಪಾ ಬಂದು ಬಗ್ಗಿ ಕಾಯಿಲ್ ಮೂಸಿದರು. ಎದ್ದು ನಿಂತು, ಮತ್ತೆ ಬಗ್ಗಿ ಮೂಸಿದರು. “ಗೊತ್ತಾಗ್ತಿಲ್ಲ” ಅಂದರು. ಅವರ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು.

ಆಮೇಲೆ ನಾನು ಮಾಡಿದ ಮೊದಲ ತಪ್ಪು ಹೇಳುತ್ತೇನೆ. ಮೆಗ್ಗರ್ ಅನ್ನುವ ಮೀಟರು ತಂದೆ, ಹೊದಿಕೆ ಗಟ್ಟಿಯಿದೆಯೋ ಇಲ್ಲವೋ ನೋಡುವಂಥದ್ದು. ಸುಟ್ಟ ಗೇಣು ಬಿಟ್ಟು ಉಳಿದ ಭಾಗಕ್ಕೆಲ್ಲ ಹಚ್ಚಿ ನೋಡಿದೆ. ಮುಳ್ಳು ಪೂರ್ತಿ ಆ ಕಡೆಗೆ ಹೋಯಿತು, ಅಂದರೆ ವಾರ್ನಿಷ್ ಚೆನ್ನಾಗಿದೆ ಅಂತ. “ವಾರ್ನಿಷ್ ತಪ್ಪಲ್ಲ ಆಪಾ. ಸುತ್ತುವಾಗ ಅಲ್ಲೊಂದು ಕಡೆ ತಂತಿ ಗೀಚಿರಬೇಕು” ಅಂದುಬಿಟ್ಟೆ. ಪುಸ್ತಕ ಓದಿದವಳ ಧೈರ್ಯ! ಅವರು ಕಾಯಿಲನ್ನು ಮನೆಗೆ ಒಯ್ದು, ವಾರ್ನಿಷ್ ಕರಗಿಸಿ, ಒಂಬೈನೂರು ಸುತ್ತನ್ನೂ ಬಿಚ್ಚಿದರಂತೆ. ಬಿಚ್ಚುತ್ತಾ ಇಡೀ ತಂತಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಎಳೆದುಕೊಂಡು ಹೋದರಂತೆ. ಮೂರನೇ ದಿನ ಬಂದರು. ಎರಡೂ ಬೆರಳಿಗೆ ಬಟ್ಟೆ ಸುತ್ತಿತ್ತು. “ಸುಟ್ಟ ಜಾಗ ಬುಟ್ರೆ ಒಂದು ಗೀಚು ಇಲ್ಲ. ನನ್ನ ಕೈದಲ್ಲ ಮೇಡಂ ಇದು. ಯಾರದ್ದು ಅಂತ ಹುಡುಕ್ಬೇಕು” ಅಂದರು.

ಅಲ್ಲಿಂದ ಶುರುವಾಯಿತು ನೋಡಿ. ದಿನ ಬಿಟ್ಟು ದಿನ ನನ್ನ ರೂಮಿನ ಮುಂದೆ ಹಾಜರು. ನಾನು ಪಾಠ ಮುಗಿಸಿ ಬರುವ ತನಕ ವರಾಂಡದ ಬೆಂಚಿನ ಹತ್ತಿರ ಕಾಯುತ್ತಿದ್ದರು. ಕೂರುತ್ತಿದ್ದರು, ಏಳುತ್ತಿದ್ದರು, ಅತ್ತಿಂದಿತ್ತ ಓಡಾಡುತ್ತಿದ್ದರು. ಅಟೆಂಡರ್ ನಿಂಗಣ್ಣ, “ಮೇಡಂ, ಬಂದವ್ರೆ. ನೆಲ ಸವೆಸ್ತಾವ್ರೆ” ಅಂತ ಕ್ಲಾಸಿನ ಬಾಗಿಲಿಗೆ ಬಂದು ಹೇಳುತ್ತಿದ್ದ. ಅಂಗಡಿಯಲ್ಲಿ ಕೆಲಸವಿಲ್ಲದ ಕೈ, ಅದಕ್ಕೆ ಈ ಕಾಯಿಲ್ ಒಂದೇ ದಾರಿ. ನನಗೆ ಕೆಲವು ದಿನ ಕಿರಿಕಿರಿಯೂ ಆಗುತ್ತಿತ್ತು. ಸುಳ್ಳು ಯಾಕೆ ಹೇಳಲಿ.

ಎರಡನೇ ಕಾಯಿಲನ್ನು ಮೊದಲಿನದಕ್ಕಿಂತ ನಾಜೂಕಾಗಿ ಸುತ್ತಿದರು. ಒಂದು ಕೋಟ್ ವಾರ್ನಿಷ್ ಸಾಲದು ಅಂತ ಆರು ಕೋಟ್ ಹೊಡೆದರು. ಪ್ರತಿ ಕೋಟನ್ನೂ ಡ್ರಮ್ಮಿನಲ್ಲಿ ಒಣಗಿಸಿ, ಇನ್ನೊಂದು. ಇದು ಗಟ್ಟಿ ನಿಲ್ಲುತ್ತದೆ ಅಂತ ನಾನೂ ಹೇಳಿದೆ. ಮೊದಲನೆಯದು ಅರ್ಧ ನಿಮಿಷವಾದರೂ ತಡೆದಿತ್ತು. ಇದು ಸ್ವಿಚ್ ಒತ್ತಿದೊಡನೆ ಹೋಯಿತು. ಅದೇ ಗೇಣು, ಅದೇ ಜಾಗ. ಆಪಾ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತರು. “ಜಾಸ್ತಿ ಜೋಪಾನ ಮಾಡಿದಷ್ಟೂ ಬೇಗ ಸಾಯ್ತೈತಲ್ಲ! ಎಂಥ ಪೀಡೆ ಇದು!” ಅಂದರು. ಕಣ್ಣಲ್ಲಿ ನೀರಿತ್ತು. ನನಗೂ ಅಳು ಬಂತು.

ಅದೇ ಜಾಗ ಯಾಕೆ ಅನ್ನುವುದನ್ನು ನಾವು ಕಂಡುಕೊಂಡೆವು. ಅದರ ಅರ್ಧ ಪುಣ್ಯ ನನ್ನದು, ಅಷ್ಟಾದರೂ ಹೇಳಿಕೊಳ್ಳುತ್ತೇನೆ. ಉದ್ದನೆಯ ಬಿದಿರು ಕೋಲಿನ ತುದಿಗೆ ಟೆಸ್ಟರಿನ ಪುಟ್ಟ ನಿಯಾನ್ ಬಲ್ಬ್ ಕಟ್ಟಿದೆ. ಸುಟ್ಟ ಕಾಯಿಲನ್ನೇ ಸರಿಮಾಡಿ ತೀರಾ ಕಡಿಮೆ ಕರೆಂಟು ಕೊಟ್ಟು, ದೂರ ನಿಂತು, ಬಲ್ಬನ್ನು ಬುಡದಿಂದ ಮೇಲಕ್ಕೆ ಸರಿಸುತ್ತಾ ಹೋದೆವು. ಎಲ್ಲಿ ಒತ್ತಡ ಹೆಚ್ಚೋ ಅಲ್ಲಿ ಬಲ್ಬು ಜೋರು ಉರಿಯಬೇಕು. ಬುಡದಲ್ಲಿ ಮಿಣುಕು, ಮೇಲಕ್ಕೆ ಹೋದಂತೆ ನಿಧಾನಕ್ಕೆ ಹೆಚ್ಚು, ಆದರೆ ಆ ಗೇಣಿನ ಹತ್ತಿರ ಒಮ್ಮೆಲೇ ಕೆಂಪಗೆ ಉರಿಯಿತು. ಆಪಾ ಪಕ್ಕದ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಹಾಕಿದರು. ಇಷ್ಟು ವೇಗದ ಕರೆಂಟಿನಲ್ಲಿ ಎಲ್ಲಾ ಸುತ್ತುಗಳೂ ಭಾರವನ್ನು ಸಮನಾಗಿ ಹಂಚಿಕೊಳ್ಳುವುದಿಲ್ಲ, ಕೆಲವೇ ಸುತ್ತುಗಳ ಹೆಗಲಿಗೆ ಬೀಳುತ್ತದೆ ಅಂತ ನಾನು ವಿವರಿಸಲು ಹೊರಟೆ. “ನಂಗೊತ್ತು” ಅಂದರು. “ಸಿಡಿಲು ಹೊಡ್ದ ಮೋಟ್ರಲ್ಲೂ ಹಂಗೇ. ಲೈನಿಂದ ಬರೋ ಮೊದಲ್ನೇ ಸುತ್ತೇ ಹೋಗಿರ್ತದೆ. ಒಳಗಡೆವು ಮದ್ವೆ ಹೆಣ್ಣಿನಂಗೆ ಹೊಳೀತಿರ್ತವೆ. ಸರಿ, ಭಾರ ಇಲ್ಲಿ ಬೀಳ್ತದೆ. ಆದ್ರೆ ನನ್ನ ಸುತ್ತು ಯಾಕೆ ತಡೀತಿಲ್ಲ? ಅದು ಹೇಳಿ.” ಕೆಳಗಿನ ತಾಮ್ರದ ಸುತ್ತನ್ನು ಒಂದಿಷ್ಟು ಇಳಿಸಿ ಭಾರ ಕಮ್ಮಿ ಮಾಡಿದೆ. ಆದರೂ ಸುಟ್ಟಿತು. ಮೆಗ್ಗರ್ ತೋರಿಸಿ, “ಇದು ಸರಿ ಅನ್ನುತ್ತೆ” ಅಂದೆ. “ನಿಮ್ಮ ಮೆಗ್ಗರ್ಗೆ ನೆಗಡಿ ಆಗೈತೆ” ಅಂದರು.

ನೆಗಡಿ ಅವರಿಗೇ ಆಗಿತ್ತು ಅನ್ನಬೇಕು, ಬೇರೆ ಥರದ್ದು. ಅದು ತಿಳಿದದ್ದು ಅವರು ಅಕ್ಕನ ಮಗಳ ನಿಕಾಹ್‌ಗೆ ಅಂತ ಮೈಸೂರಿಗೆ ಹೋಗಿ ಐದು ದಿನ ಇದ್ದು ಬಂದ ಮೇಲೆ. ಸ್ಟೇಷನ್ನಿನಿಂದ ಮನೆಗೂ ಹೋಗದೆ, ಬ್ಯಾಗು ಹಿಡಿದುಕೊಂಡು ನೇರ ನಮ್ಮ ಲ್ಯಾಬಿಗೆ ಬಂದರು. ದಾರಿಯುದ್ದಕ್ಕೂ ಇದೇ ತಲೆಯಲ್ಲಿತ್ತಂತೆ. ಮೇಜಿನ ಮೇಲಿದ್ದ ಕಾಯಿಲಿಗೆ ಬಗ್ಗಿ ಮೂಸಿದರು. ಹಾವು ಕಂಡವರ ಹಾಗೆ ಹಿಂದಕ್ಕೆ ಸರಿದರು.

“ಚಿಪ್ಪಿನ ಹೊಗೆ!” ಅಂದರು. “ಮೇಡಂ, ಇದು ಪೂರಾ ಚಿಪ್ಪಿನ ಹೊಗೆ ಕಣ್ರೀ! ನನ್ನ ಸೀರೆ, ನನ್ನ ಮನೆ, ಹಾಸಿಗೆ, ಬೀದಿ ಎಲ್ಲಾ ಇದೇ ವಾಸ್ನೆ. ಅದಕ್ಕೇ ಮೂಗಿಗೆ ಹತ್ತಿಲ್ಲ!”

ನನಗೂ ಹತ್ತಿರಲಿಲ್ಲ. ಕೊಬ್ಬರಿ ಮಂಡಿಯ ಊರಿನಲ್ಲಿ ಹುಟ್ಟಿ ಬೆಳೆದವರಿಗೆ ಚಿಪ್ಪಿನ ಹೊಗೆ ಒಂದು ವಾಸನೆ ಅಂತಲೇ ಅನ್ನಿಸುವುದಿಲ್ಲ. ಆಪಾ ಬ್ಯಾಗಿನಿಂದ ಹಳೆಯ ಬ್ಲೇಡು ತೆಗೆದು, ವಾರ್ನಿಷನ್ನು ಓರೆಯಾಗಿ ಸವರಿದರು. ಭೂತಗನ್ನಡಿಯ ಕೆಳಗೆ ಹಿಡಿದು ನೋಡಿದೆವು. ಕಂದು, ಕಪ್ಪು, ಕಂದು, ಕಪ್ಪು. ಪ್ರತಿ ಕೋಟಿನ ಮೇಲೂ ಉಗುರಿನ ಕೊಳೆಯಷ್ಟು ತೆಳ್ಳಗೆ ಮಸಿ. ಅದರ ಮೇಲೆ ಮುಂದಿನ ಕೋಟು. ಪಂಪಿನ ಮೋಟಾರಿಗೆ ಅದರಿಂದ ಏನೂ ತೊಂದರೆಯಿಲ್ಲ, ನನ್ನ ಮೆಗ್ಗರಿಗೂ ಅದು ಕಾಣಿಸುವುದಿಲ್ಲ. ಲಕ್ಷಗಟ್ಟಲೆ ಸಲ ಅಲ್ಲಾಡುವ ಕರೆಂಟಿಗೆ ಮಾತ್ರ ಮಸಿ ಅಂದರೆ ಹಾಸಿಕೊಟ್ಟ ರಸ್ತೆ. ಭಾರ ಎಲ್ಲಿ ಹೆಚ್ಚೋ ಅಲ್ಲಿಂದ ಹತ್ತಿ ಓಡುತ್ತದೆ. ಆರು ಕೋಟ್ ಅಂದರೆ ಆರು ರಸ್ತೆ. ಜೋಪಾನ ಮಾಡಿದಷ್ಟೂ ಬೇಗ ಸತ್ತದ್ದು ಅದಕ್ಕೇ.

ಮೂರನೆಯ ಕಾಯಿಲನ್ನು ಡ್ರಮ್ಮಿಗೆ ಹಾಕಲಿಲ್ಲ. ಅವರ ಮಾಳಿಗೆ ಮೇಲೆ ಸೊಳ್ಳೆಪರದೆ ಕಟ್ಟಿ, ಹೊಗೆ ಬರುವ ಹೊತ್ತು ಬಿಟ್ಟು, ಬಿಸಿಲಲ್ಲಿ ಒಣಗಿಸಿದರು. ಹತ್ತು ದಿನ ಹಿಡಿಯಿತು. ಆ ಹತ್ತು ದಿನ ಅವರು ಮಾಳಿಗೆ ಹತ್ತಿ ಇಳಿದದ್ದಕ್ಕೆ ಲೆಕ್ಕವಿಲ್ಲ. ಒಂದು ಮಧ್ಯಾಹ್ನ ಲ್ಯಾಬಿನ ಪರದೆ ಎಳೆದು ಸ್ವಿಚ್ ಒತ್ತಿದೆ. ಸುತ್ತುಗಳು ಸುಮ್ಮನಿದ್ದವು. ತಲೆಯ ಬಳೆಯಿಂದ ಮೊಳದುದ್ದದ ನೇರಳೆ ಕಿಡಿ ಗಾಳಿಗೆ ಚಿಮ್ಮಿತು, ಕವಲೊಡೆಯಿತು, ಮತ್ತೆ ಚಿಮ್ಮಿತು. ಐದು ನಿಮಿಷ ಓಡಿಸಿದೆ. ನಿಂಗಣ್ಣ ಬಾಗಿಲಲ್ಲಿ, “ಅಯ್ಯಯ್ಯಪ್ಪ, ಅಯ್ಯಯ್ಯಪ್ಪ” ಅನ್ನುತ್ತಲೇ ಇದ್ದ. ಆಪಾ ನೆಲದ ಮೇಲೆ ಕುಸಿದು ಕೂತರು, ಕಾಲು ಚಾಚಿಕೊಂಡು. ಮಗುವಿನ ಹಾಗೆ ನಕ್ಕರು. ಅವರು ಅಷ್ಟು ಹೊತ್ತು ಅಲ್ಲಾಡದೆ ಕೂತದ್ದನ್ನು ನಾನು ಬೇರೆ ಯಾವತ್ತೂ ನೋಡಿಲ್ಲ.

ನಕ್ಕು ಮುಗಿದ ಮೇಲೆ ಅವರು ಕೇಳಿದ್ದು ಒಂದೇ: “ಸುಟ್ಟಾಗ ಊರೆಲ್ಲ ನೋಡ್ತು. ಇದನ್ನ ಯಾರು ನೋಡಿದ್ರು ಮೇಡಂ?” ಪ್ರದರ್ಶನ ಮುಗಿದು ನಾಲ್ಕು ತಿಂಗಳಾಗಿತ್ತು. ನಾನು ಅವರ ಕೈ ಹಿಡಿದುಕೊಂಡು ಹೇಳಿದೆ. ನಾವು ಕಂಡುಹಿಡಿದದ್ದನ್ನು ಬರೆದು ಎಂಜಿನಿಯರುಗಳ ಸಮ್ಮೇಳನದ ಪುಸ್ತಕಕ್ಕೆ ಕಳಿಸುತ್ತೇನೆ. ಅದರಲ್ಲಿ ನಿಮ್ಮ ಹೆಸರು ಅಚ್ಚಾಗುತ್ತೆ, ನನ್ನದಕ್ಕಿಂತ ಮೊದಲು. ಆ ಹಾಳೆಗೆ ಕಟ್ಟು ಹಾಕಿಸಿ ಅಂಗಡಿಯಲ್ಲಿ ನೇತುಹಾಕಿ. ಹಾಲ್ಕುರಿಕೆಯವರೇನು, ಚಿಕ್ಕನಾಯಕನಹಳ್ಳಿಯವರೂ ಹುಡುಕಿಕೊಂಡು ಬರುತ್ತಾರೆ. “ಹೌದಾ?” ಅಂದರು. “ಹೌದು” ಅಂದೆ.

ಇಂಗ್ಲಿಷಿನಲ್ಲಿ ಬರೆದೆ. ಬಿದಿರು ಕೋಲು, ನಿಯಾನ್ ಬಲ್ಬು, ಮಸಿಯ ಪದರ, ಬಿಸಿಲು, ಎಲ್ಲವನ್ನೂ ಬರೆದೆ. ಕಳಿಸುವಾಗ ತುಂಬಬೇಕಾದ ಫಾರಂನಲ್ಲಿ ಎರಡನೇ ಹೆಸರಿಗೆ ಜಾಗವಿತ್ತು. ಹೆಸರಿನ ಮುಂದೆ ವಿದ್ಯಾರ್ಹತೆ, ಸಂಸ್ಥೆ. ಏಳನೇ ಕ್ಲಾಸು, ವೈಂಡಿಂಗ್ ಅಂಗಡಿ. ಎಂ.ಟೆಕ್. ಮಾಡಿದವಳು ಮೆಗ್ಗರ್ ಹಿಡಿದು ಕಾಣದ್ದನ್ನು ಏಳನೇ ಕ್ಲಾಸಿನವರು ಮೂಸಿ ಕಂಡರು ಅಂತ ಜನ ನಕ್ಕರೆ? ನನಗೆ ಆ ವರ್ಷ ಬಡ್ತಿಗೂ ಇಂಥದ್ದೊಂದು ಪೇಪರು ಬೇಕಿತ್ತು. ಯಾರೂ ನನ್ನ ಕೈ ಹಿಡಿದು ತಡೆಯಲಿಲ್ಲ, ಯಾರೂ ಬೇಡ ಅನ್ನಲಿಲ್ಲ. ಆ ಜಾಗವನ್ನು ಖಾಲಿ ಬಿಟ್ಟವಳು ನಾನೇ. ಕೊನೆಯಲ್ಲಿ ಸ್ಥಳೀಯ ಕಾರ್ಯಾಗಾರವೊಂದರ ನೆರವಿಗೆ ಕೃತಜ್ಞತೆ ಅಂತ ಒಂದು ಸಾಲು ಸೇರಿಸಿ ಮನಸ್ಸಾಕ್ಷಿಗೆ ಲಂಚ ಕೊಟ್ಟೆ.

ಪುಸ್ತಕ ಬಂತು. ಆಪಾಗೆ ಯಾರು ಹೇಳಿದರೋ, ಬಹುಶಃ ನಿಂಗಣ್ಣ, ಮರುದಿನವೇ ಬಂದರು. ಅದೇ ಹಸಿರು ಸೀರೆ. ಕಟ್ಟು ಹಾಕಿಸಲು ಹಾಳೆಯ ಜೆರಾಕ್ಸ್ ಬೇಕು ಅಂದರು. ನಿಂಗಣ್ಣ ತೆಗೆಸಿ ತಂದ. ಅದನ್ನು ನನ್ನ ಮೇಜಿನ ಮೇಲೆ ಹರಡಿ, ಅಂಗೈಯಿಂದ ಸವರಿ, ಕನ್ನಡಕ ಸರಿಮಾಡಿಕೊಂಡು, “ನನ್ನ ಹೆಸ್ರು ಎಲ್ಲೈತೆ ಮೇಡಂ? ಬೆರಳಿಟ್ಟು ತೋರ್ಸಿ” ಅಂದರು.

ಇಲ್ಲ ಆಪಾ ಅನ್ನಬಹುದಿತ್ತು. ಎಷ್ಟು ಸಲ ಯೋಚಿಸಿದ್ದೇನೆ, ಎರಡೇ ಮಾತು. ಶೀರ್ಷಿಕೆಯ ಕೆಳಗೆ ಒಂದೇ ಒಂದು ಹೆಸರಿತ್ತು, ನನ್ನದು. ಅದರ ಮೇಲೆ ಬೆರಳಿಟ್ಟೆ. “ಇಲ್ಲಿದೆ ನೋಡಿ” ಅಂದೆ.

ಅವರು ಬಗ್ಗಿ ನೋಡಿದರು. ಆಮೇಲೆ ನೆಟ್ಟಗೆ ನಿಂತು, “ಇದು ನಿಮ್ಮ ಹೆಸ್ರು” ಅಂದರು. ದನಿ ಏರಲಿಲ್ಲ. “ಇಂಗ್ಲಿಷ್ ಬರಲ್ಲ ನಂಗೆ. ಆದ್ರೆ ನಿಮ್ಮ ರೂಮಿನ ಬಾಗ್ಲ ಮೇಲೆ ಬೋರ್ಡ್ ಐತಲ್ಲ, ಮೇಲ್ಗಡೆ ಕನ್ನಡದಲ್ಲಿ, ಕೆಳಗಡೆ ಇಂಗ್ಲಿಷಲ್ಲಿ. ನಿಮಗೆ ಕಾಯ್ತಾ ಎಷ್ಟು ತಿಂಗ್ಳು ಅದರ ಮುಂದೆ ನಿಂತಿದೀನಿ. ಒಂದೊಂದು ಅಕ್ಷರಾನೂ ಗೊತ್ತು ನಂಗೆ.”

ನನ್ನ ಬೆರಳು ಇನ್ನೂ ಹಾಳೆಯ ಮೇಲೇ ಇತ್ತು. ತೆಗೆಯಲು ಬರಲಿಲ್ಲ.

“ಸುಟ್ಟಾಗ ನನ್ನ ಹೆಸ್ರು ಹಾಕಿದ್ರಿ. ಸುಡದೆ ನಿಂತಾಗ ನಿಮ್ದು ಹಾಕ್ಕೊಂಡ್ರಿ” ಅಂದರು.

“ತಪ್ಪಾಯ್ತು ಆಪಾ” ಅಂದೆ. ಅಳುತ್ತಿದ್ದೆ. “ಇನ್ನೊಂದು ಬರೀತೀನಿ. ಕನ್ನಡದಲ್ಲೇ ಬರೀತೀನಿ. ನಿಮ್ಮ ಹೆಸರು ಒಂದೇ ಹಾಕ್ತೀನಿ.”

“ಬ್ಯಾಡ” ಅಂದರು. “ಇನ್ಮೇಲೆ ನನ್ನ ಹೆಸ್ರು ನೀವು ಎಲ್ಲೂ ಬರೀಬ್ಯಾಡಿ.” ಹಾಳೆಯನ್ನು ಮೇಜಿನ ಮೇಲೇ ಬಿಟ್ಟು ಹೊರಟರು. ಮತ್ತೆ ಕಾಲೇಜಿಗೆ ಬರಲಿಲ್ಲ. ನಾನು ಅವರ ಬೀದಿಗೆ ಹೋಗಲಿಲ್ಲ. ಆ ವರ್ಷ ನನಗೆ ಬಡ್ತಿ ಸಿಕ್ಕಿತು.

ಈಗ ಕನ್ನಡದಲ್ಲಿ ಬರೆದಿದ್ದೇನೆ, ಓದುವುದಕ್ಕೆ ಅವರಿಲ್ಲ. ಮೊದಲಿನಿಂದ ಕೊನೆಯವರೆಗೂ ಆ ಹೆಸರು ಬೆರಳ ತುದಿಗೆ ಬರುತ್ತಲೇ ಇತ್ತು. ಆ ಬೋರ್ಡೊಂದನ್ನು ಬಿಟ್ಟರೆ ಅವರಿಗೆ ಕೊಟ್ಟ ಮಾತು ಒಂದನ್ನೂ ನಾನು ಉಳಿಸಿಕೊಳ್ಳಲಿಲ್ಲ. ಬರೀಬ್ಯಾಡಿ ಅಂದದ್ದನ್ನಾದರೂ ಮೀರಬಾರದು ಅಂತ ಬರೆದಿಲ್ಲ.